ರೀವ್: ಒಂದು ಅಧಿಕಾರನಾಮವು ಮನೆತನದ ಹೆಸರಾದ ಬಗೆ

ಕನ್ನಡ ನಿಘಂಟುಗಳ ಚರಿತ್ರೆಯನ್ನು ಅಭ್ಯಸಿಸಿದವರು ವಿಲಿಯಂ ರೀವ್ ಎಂಬ ಹೆಸರನ್ನು ಬಲ್ಲರು. ಲಂಡನ್ ಮಿಷನರಿ ಸೊಸೈಟಿಯ ಪಾದ್ರಿಯಾಗಿ ಬಳ್ಳಾರಿಗೆ ಬಂದು, ಅಲ್ಲಿಯ ಮಿಷನನ್ನು 1810ರಲ್ಲಿ ಸ್ಥಾಪಿಸಿದ್ದ ಜಾನ್ ಹ್ಯಾಂಡ್ಸ್ ಅವರೊಡನೆ ದುಡಿದ ಇವರು, 1824ರಲ್ಲಿ ಇಂಗ್ಲಿಷ್-ಕರ್ಣಾಟಕ ನಿಘಂಟನ್ನೂ 1832ರಲ್ಲಿ ಕರ್ಣಾಟಕ-ಇಂಗ್ಲಿಷ್ ನಿಘಂಟನ್ನೂ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಡೇನಿಯಲ್ ಸ್ಯಾಂಡರ್ಸನ್ನರು ಅದನ್ನು ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದರು. 1894ರಲ್ಲಿ ಕಿಟ್ಟೆಲ್ಲರ ಕೋಶವು ಹೊರಬರುವವರೆಗೆ ಕನ್ನಡ ಕಲಿಯುವ ಆಂಗ್ಲರಿಗೆ ರೀವರ ಪರಿಶ್ರಮವೇ ಮುಖ್ಯ ಆಧಾರವಾಗಿದ್ದಿತು. ಪ್ರಕೃತ ನಮ್ಮ ವಿಷಯವು ಆ ನಿಘಂಟಲ್ಲ. ಆ ನಿಘಂಟುಕಾರರ ಹೆಸರು. ಗೌಡ, ಹೆಗ್ಗಡೆ, ಸೇನಬೋವ ಮುಂತಾದ ನೂರಾರು ಅಧಿಕಾರವಾಚಕಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಬರೆಯಬೇಕಾಗಿದ್ದ ಆ ವಿದ್ವಾಂಸರ ಮನೆತನದ ಹೆಸರೇ ಒಂದು ಕಾಲದಲ್ಲಿ ಅಂಥ ಅಧಿಕಾರವಾಚಕವಾಗಿದ್ದಿತು ಎಂಬ ಅಂಶವು ನಮ್ಮ ಕುತೂಹಲವನ್ನು ಕೆರಳಿಸಿತು. ಆ ಶಬ್ದದ ಮೂಲವನ್ನೂ, ಅದು ಕಾಲಾಂತರದಲ್ಲಿ ತಳೆದ ಅರ್ಥಗಳನ್ನೂ, ಅದು ಕುಲನಾಮವಾದ ಬಗೆಯನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಮೊದಲು ರೂಪವಿಚಾರ. ಪ್ರಾಚೀನ ಇಂಗ್ಲಿಷಿನಲ್ಲಿ ಈ ಶಬ್ದದ ರೂಪ ‘ಗೆರೇಫ’. ಇದು ಬರಹದ ರೂಪ, ಉಚ್ಚಾರಣೆ ಬೇರೆ. ಮೊದಲಿನ ‘ಗೆ’ ಎಂಬ ಉಪಸರ್ಗದ ಗಕಾರವನ್ನು ದಕ್ಷಿಣ ಇಂಗ್ಲೆಂಡಿನವರು ಯಕಾರಕ್ಕೆ ಸಮೀಪವಾಗಿ ಉಚ್ಚರಿಸುತ್ತಿದ್ದರು. ಎರಡು ಸ್ವರಗಳ ನಡುವಣ ಫಕಾರವು ವಕಾರದಂತೆ ಕೇಳುತ್ತಿದ್ದಿತು. ಆದುದರಿಂದ ಬಾಯಲ್ಲಿ ಅದು ಹೆಚ್ಚುಕಡಮೆ ‘ಯೆರೇವ’ ಎಂದಾಗುತ್ತಿದ್ದಿರಬೇಕು. ಕಾಲಕ್ರಮದಲ್ಲಿ ಉಪಸರ್ಗವು ಸವೆದು ಅಳಿಯಿತು, ಕೊನೆಯ ಸ್ವರವೂ ಬಿದ್ದುಹೋಯಿತು, ಉಳಿದ ಏಕಾರವು ಹದಿನೈದನೆಯ ಶತಮಾನದಿಂದೀಚೆಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲಕ್ಕೂ ಒದಗಿದ ಮಹಾಪಲ್ಲಟದಲ್ಲಿ ಸಿಕ್ಕಿ ಈಕಾರವಾಯಿತು. ಹೀಗೆ ‘ರೀವ್’ ಉಂಟಾಯಿತು. ಪೆರ್ಗಡೆಯು ಹೆಗ್ಗಡೆಯಾದುದನ್ನು ಕಂಡಿರುವ ನಮಗೆ ಇಂಥ ಸವಕಳಿಯಲ್ಲಿ ಆಶ್ಚರ್ಯವೇನೂ ತೋರದು.

ಉತ್ತರದ ನಾರ್ಥಂಬ್ರಿಯದಲ್ಲಿ ಇದೇ ಶಬ್ದವು ಬೇರೊಂದು ದಾರಿ ಹಿಡಿಯಿತು. ಅಲ್ಲಿ ಉಪಸರ್ಗದ ಸ್ವರವು ಬೇಗನೆ ಲೋಪವಾದುದರಿಂದ ಗಕಾರವು ಯಕಾರವಾಗದೆ ರಕಾರಕ್ಕೆ ಅಂಟಿಕೊಂಡು ಉಳಿಯಿತು. ಅದೇ ಇಂದಿನ ‘ಗ್ರೀವ್’. ಸ್ಕಾಟ್ಲೆಂಡಿನಲ್ಲಿ ಇದು ದೊಡ್ಡ ಬೇಸಾಯದ ಮೇಲ್ವಿಚಾರಕನಿಗೆ ಸಲ್ಲುವ ಹೆಸರು. ಗಡಿನಾಡಿನಲ್ಲಿ ಸಾಮಾನ್ಯವಾದ ಕುಲನಾಮವೂ ಹೌದು. ಹ್ಯೂ ಮ್ಯಾಕ್‌ಡಯರ್ಮಿಡ್ ಎಂಬ ಕಾವ್ಯನಾಮದಿಂದ ಪ್ರಸಿದ್ಧನಾದ ಸ್ಕಾಟ್ ಕವಿಯ ನಿಜನಾಮ ಕ್ರಿಸ್ಟೋಫರ್ ಮರ್ರೆ ಗ್ರೀವ್. ಅವನು 1892ರಲ್ಲಿ ಆ ಗಡಿನಾಡಿನ ಲ್ಯಾಂಗ್‌ಹೋಮ್ ಎಂಬಲ್ಲಿ ಹುಟ್ಟಿದವನು. ರೀವ್, ಗ್ರೀವ್ ಎರಡೂ ಒಂದೇ ಬೇರಿನ ಎರಡು ಕವಲುಗಳೆಂಬುದನ್ನು ಅವುಗಳ ಇಂದಿನ ರೂಪದಿಂದ ಯಾರೂ ಊಹಿಸಲಾರರು.

ಇನ್ನು ಧಾತುವಿಚಾರ. ಜರ್ಮನ್ ಭಾಷೆಯಲ್ಲಿ ಸರದಾರನಿಗೆ ಸಲ್ಲುವ ‘ಗ್ರಾಫ್’ ಎಂಬ ಬಿರುದಿಗೂ ಗೆರೇಫ ಶಬ್ದಕ್ಕೂ ಮೂಲ ಒಂದೇ ಎಂದು ಹಿಂದಿನ ವಿದ್ವಾಂಸರು ನಂಬಿದ್ದರು. ಶಬ್ದಗಳು ಕಿವಿಗೆ ಹತ್ತಿರ, ಅರ್ಥಗಳೂ ಹತ್ತಿರ, ನಂಬುವುದು ಸುಲಭ. ಆದರೆ ಧ್ವನಿನಿಯಮಗಳು ಇದಕ್ಕೆ ಒಪ್ಪುವುದಿಲ್ಲ. ಇಂದಿನ ಕೋಶಕಾರರು ಈ ಸಂಬಂಧವನ್ನು ಕೈಬಿಟ್ಟು, ‘ರೋಫ್’ ಎಂಬ, ಎಣಿಕೆ ಅಥವಾ ಸಮೂಹ ಎಂಬರ್ಥದ ಹಳೆಯ ಪದವೊಂದರತ್ತ ಬೆರಳು ತೋರುತ್ತಾರೆ. ಜನಸಮೂಹವನ್ನು ಸೂಚಿಸುವ ಒಂದು ಪ್ರಾಚೀನ ಇಂಗ್ಲಿಷ್ ಸಮಾಸದಲ್ಲಿಯೂ, ಸಂಖ್ಯೆ ಎಂಬರ್ಥದ ಒಂದು ಪ್ರಾಚೀನ ಜರ್ಮನ್ ಶಬ್ದದಲ್ಲಿಯೂ ಅದು ಉಳಿದಿದೆ. ಈ ಮತವು ನಮಗೆ ಗ್ರಾಹ್ಯವೆಂದು ತೋರುತ್ತದೆ. ಹಾಗಾದರೆ ರೀವನು ಮೂಲತಃ ಆಳುವವನಲ್ಲ. ಎಣಿಸುವವನು, ಜನರನ್ನು ಕೂಡಿಸುವವನು. ಅವನ ಮುಂದಿನ ಚರಿತ್ರೆಯೆಲ್ಲ ಎಣಿಕೆಯ ಚರಿತ್ರೆಯೇ ಆಗಿರುವುದು ಗಮನಾರ್ಹ.

ಇಲ್ಲಿ ಒಂದೆರಡು ಎಚ್ಚರಿಕೆಗಳು ಅವಶ್ಯಕ. ಇಂಗ್ಲಿಷಿನಲ್ಲಿ ಹಡಗಿನ ಹಗ್ಗವನ್ನು ಬಳೆಯಲ್ಲಿ ತೂರಿಸುವ ಕ್ರಿಯೆಗೂ ‘ರೀವ್’ ಎನ್ನುತ್ತಾರೆ. ಜೌಗುನೆಲದ ಒಂದು ಜಾತಿಯ ಹೆಣ್ಣುಹಕ್ಕಿಗೂ ಅದೇ ಹೆಸರು. ಇವು ಕಿವಿಗೆ ಒಂದೇ ಆದರೂ ನಮ್ಮ ಶಬ್ದಕ್ಕೆ ನಂಟಲ್ಲ.

ರೀವನು ಚರಿತ್ರೆಯಲ್ಲಿ ಮೊದಲು ಕಾಣಿಸಿಕೊಳ್ಳುವುದು ಒಬ್ಬ ಒಡೆಯನ ಮನೆವಾರ್ತೆಯವನಾಗಿ. ಏಳನೆಯ ಶತಮಾನದ ಕೊನೆಯಲ್ಲಿ ವೆಸೆಕ್ಸಿನ ರಾಜ ಈನನು ವಿಧಿಸಿದ ಶಾಸನಗಳಲ್ಲಿ ಒಂದು ಸ್ವಾರಸ್ಯವಾದ ವಿಧಿಯಿದೆ. ಕುಲೀನನೊಬ್ಬನು ತನ್ನ ಭೂಮಿಯನ್ನು ಬಿಟ್ಟು ಬೇರೆಡೆಗೆ ಹೋಗುವಾಗ ಮೂವರನ್ನು ಮಾತ್ರ ತನ್ನೊಡನೆ ಕರೆದೊಯ್ಯಬಹುದು: ತನ್ನ ರೀವನನ್ನು, ತನ್ನ ಕಮ್ಮಾರನನ್ನು, ತನ್ನ ಮಕ್ಕಳ ದಾದಿಯನ್ನು. ಲೆಕ್ಕ, ಕಬ್ಬಿಣ, ಕೂಸು, ಈ ಮೂರನ್ನು ನೋಡಿಕೊಳ್ಳುವವರು ಭೂಮಿಗೆ ಸೇರಿದವರಲ್ಲ, ಮನೆಗೆ ಸೇರಿದವರು ಎಂಬ ಭಾವನೆ ಇದರ ಹಿಂದೆ ಇದ್ದಂತೆ ತೋರುತ್ತದೆ.

ರಾಜನೂ ಒಬ್ಬ ಒಡೆಯನೇ ಆದುದರಿಂದ ಅವನಿಗೂ ರೀವರಿದ್ದರು. ರಾಜನ ರೀವರು ಸಹಜವಾಗಿಯೇ ರಾಜ್ಯಾಧಿಕಾರಿಗಳಾದರು. ಬೀಡನು ಲ್ಯಾಟಿನ್ನಿನಲ್ಲಿ ಬರೆದ ಧರ್ಮಚರಿತ್ರೆಯಲ್ಲಿ ಲಿಂಕನ್ ನಗರದ ಅಧಿಪತಿಯಾಗಿ ಬರುವ ಬ್ಲೆಕ್ಕ ಎಂಬವನನ್ನು ಆ ಗ್ರಂಥದ ಪ್ರಾಚೀನ ಇಂಗ್ಲಿಷ್ ಅನುವಾದವು ‘ಗೆರೇಫ’ ಎಂದೇ ಕರೆಯುತ್ತದೆ. ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದಲ್ಲಿ ಬರುವ ಇನ್ನೊಂದು ಪ್ರಸಂಗವು ಇದಕ್ಕಿಂತ ಪ್ರಸಿದ್ಧವಾದುದು. ರಾಜ ಬೆಯೊರ್ಹ್ಟ್‌ರಿಕ್‌ನ ಕಾಲದಲ್ಲಿ, ಸಾಮಾನ್ಯವಾಗಿ ಕ್ರಿ.ಶ. 789 ಎಂದು ಗಣಿಸುವ ವರ್ಷದ ಉಲ್ಲೇಖದಲ್ಲಿ, ಉತ್ತರದವರ ಮೂರು ಹಡಗುಗಳು ದಕ್ಷಿಣತೀರಕ್ಕೆ ಬಂದವು. ಬಂದವರು ಯಾರೆಂದು ತಿಳಿಯದೆ ಅಲ್ಲಿಯ ರೀವನು ಕುದುರೆಯೇರಿ ಹೋಗಿ, ಅವರನ್ನು ರಾಜನ ಠಾಣ್ಯಕ್ಕೆ ಕರೆತರಲು ಯತ್ನಿಸಿದನು; ಅವರು ಅವನನ್ನು ಕೊಂದರು. ಹತ್ತನೆಯ ಶತಮಾನದ ಏಥೆಲ್‌ವಿಯರ್ಡ್ ಎಂಬ ಲೇಖಕನು ಆ ರೀವನ ಹೆಸರು ಬೆಯಾಡುಹೆಯರ್ಡ್ ಎಂದೂ, ಡಾರ್ಚೆಸ್ಟರಿನಲ್ಲಿದ್ದ ಅವನು ಬಂದವರನ್ನು ವರ್ತಕರೆಂದು ಭಾವಿಸಿದ್ದನೆಂದೂ ತಿಳಿಸುತ್ತಾನೆ. ಮುಂದೆ ಮುನ್ನೂರು ವರ್ಷ ಇಂಗ್ಲೆಂಡನ್ನು ನಡುಗಿಸಿದ ವೈಕಿಂಗರ ಕೈಯಲ್ಲಿ ಅಲ್ಲಿ ಮೊದಲು ಮಡಿದವನೆಂದು ಲಿಖಿತ ಚರಿತ್ರೆ ಗುರುತಿಸುವುದು ಯಾವ ಯೋಧನನ್ನೂ ಅಲ್ಲ. ಬಂದ ಹಡಗುಗಳನ್ನು ವಿಚಾರಿಸಿ ಬರೆದುಕೊಳ್ಳಲು ಹೋದ ಒಬ್ಬ ಅಧಿಕಾರಿಯನ್ನು. ಸುಂಕದ ಕಟ್ಟೆಯವನ ಮರಣವೆಂದರೂ ಸಲ್ಲುತ್ತದೆ.

ಹತ್ತನೆಯ ಶತಮಾನದ ಹೊತ್ತಿಗೆ ರೀವರ ಮೂಲಕವೇ ರಾಜಾಜ್ಞೆ ನಡೆಯುತ್ತಿದ್ದಿತು. ಹಿರಿಯ ಎಡ್ವರ್ಡನ ಮೊದಲನೆಯ ಶಾಸನವು ರೀವರನ್ನೇ ಉದ್ದೇಶಿಸಿ, ನ್ಯಾಯಗ್ರಂಥಕ್ಕೆ ಅನುಸಾರವಾಗಿ ತೀರ್ಪು ಕೊಡಿರೆಂದು ಆಜ್ಞಾಪಿಸುತ್ತದೆ. ಎರಡನೆಯದು ಪ್ರತಿಯೊಬ್ಬ ರೀವನೂ ನಾಲ್ಕು ವಾರಕ್ಕೊಮ್ಮೆ ಸಭೆ ಸೇರಿಸಬೇಕೆಂದು ವಿಧಿಸುತ್ತದೆ. ಆ ಕಾಲದಲ್ಲಿ ಇಂಗ್ಲೆಂಡಿನ ನಾಡುಗಳು ‘ಹಂಡ್ರೆಡ್’ ಎಂಬ, ನೂರು ಎಂಬರ್ಥದ ವಿಭಾಗಗಳಾಗಿ ಒಡೆದಿದ್ದವು. ಬೆಳ್ವೊಲ ಮುನ್ನೂರು, ಬನವಾಸಿ ಪನ್ನಿರ್ಚ್ಛಾಸಿರಗಳನ್ನು ಶಾಸನಗಳಲ್ಲಿ ಓದಿ ಆ ಸಂಖ್ಯೆಗಳ ಅರ್ಥವೇನೆಂದು ಚರ್ಚಿಸುತ್ತಿರುವ ನಮ್ಮ ವಿದ್ವಾಂಸರಿಗೆ, ಅಲ್ಲಿಯೂ ಆ ನೂರು ಯಾವುದರ ನೂರು ಎಂಬ ಬಗ್ಗೆ ಇಂಥದೇ ಚರ್ಚೆ ನಡೆದಿದೆ ಎಂಬುದು ಸಮಾಧಾನವನ್ನುಂಟುಮಾಡೀತು.

ಪೇಟೆಯ ರೀವನು ‘ಪೋರ್ಟ್‌ರೀವ್’. ಇಲ್ಲಿ ಪೋರ್ಟ್ ಎಂದರೆ ಬಂದರೇ ಆಗಬೇಕಿಲ್ಲ. ಸಂತೆ ಕಟ್ಟುವ ಪಟ್ಟಣ. ನಾರ್ಮನ್ ವಿಜೇತನಾದ ವಿಲಿಯಂ ಲಂಡನ್ ಪೌರರಿಗೆ ಇಂಗ್ಲಿಷಿನಲ್ಲಿ ಬರೆಯಿಸಿಕೊಟ್ಟ, 1067ರದೆಂದು ಗಣಿಸಲಾಗುವ ಚಿಕ್ಕ ಸನ್ನದು ಬಿಷಪ್ ವಿಲಿಯಂ ಮತ್ತು ಪೋರ್ಟ್‌ರೀವ್ ಗಾಸ್‌ಫ್ರಿತ್ ಎಂಬಿಬ್ಬರ ಹೆಸರು ಹಿಡಿದು ಆರಂಭವಾಗುತ್ತದೆ. ಷೈರ್ ಎಂಬ ನಾಡಿನ ರೀವನು ‘ಷೈರ್-ರೀವ್’; ಅದೇ ಇಂದಿನ ಷೆರಿಫ್. ಈ ರೂಪದಲ್ಲಿ ಕೊನೆಯ ವಕಾರವು ಮತ್ತೆ ಫಕಾರವಾಗಿದೆ. ಆದರೆ ಆ ಹುದ್ದೆಗೆ ಸಂಬಂಧಿಸಿದ ‘ಷ್ರೀವಲ್ಟಿ’ ಎಂಬ ಪದದಲ್ಲಿ ವಕಾರವು ಈಗಲೂ ಇದೆ. ನಾರ್ಮನ್ನರ ಕಾಲದಲ್ಲಿ ಷೆರಿಫನ ಬಲ ಬಹಳ ಬೆಳೆಯಿತು, ಅದರೊಡನೆ ಜನರ ದೂರುಗಳೂ ಬೆಳೆದವು. 1170ರಲ್ಲಿ ಎರಡನೆಯ ಹೆನ್ರಿಯು ಷೆರಿಫರ ನಡತೆಯನ್ನು ವಿಚಾರಣೆಗೊಳಪಡಿಸಿ ಬಹುಮಂದಿಯನ್ನು ಕೆಲಸದಿಂದ ತೆಗೆದುಹಾಕಿದನು. 1215ರ ಮ್ಯಾಗ್ನಾಕಾರ್ಟದ ಹಲವು ವಿಧಿಗಳು ಇವರಿಗೆ ಕಡಿವಾಣ ಹಾಕಲೆಂದೇ ಹುಟ್ಟಿದುವು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಈ ಹುದ್ದೆಯು ಸಮುದ್ರ ದಾಟಿ ಮದರಾಸು, ಬೊಂಬಾಯಿ, ಕಲಕತ್ತೆಗಳಿಗೂ ಬಂದಿತು. ಆದರೆ ನಮ್ಮಲ್ಲಿಯ ಷರೀಫ್ ಎಂಬ ಹೆಸರಿಗೂ ಇದಕ್ಕೂ ಏನೊಂದೂ ಸಂಬಂಧವಿಲ್ಲ. ಶಿಶುನಾಳದ ಸಂತ ಷರೀಫರ ಹೆಸರು ಕುಲೀನ ಎಂಬರ್ಥದ ಅರಬ್ಬೀ ಶಬ್ದ. ಕಿವಿಯ ಸಾಕ್ಷ್ಯವನ್ನು ನಂಬಿದವರಿಗೆ ಒದಗುವ ಅಪಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇದುವರೆಗೆ ಹೇಳಿದ್ದು ದೊಡ್ಡ ರೀವರ ಕಥೆ. ಕುಲನಾಮವು ಹುಟ್ಟಿದ್ದು ಇವರಿಂದಲ್ಲ, ಹಳ್ಳಿಯ ಚಿಕ್ಕ ರೀವನಿಂದ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಕೊಡುವ ಮೊದಲು ಆ ಚಿಕ್ಕ ರೀವನ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಕೇಂಬ್ರಿಜಿನ ಕಾರ್ಪಸ್ ಕ್ರಿಸ್ಟಿ ಕಾಲೇಜಿನ ಒಂದು ಹಸ್ತಪ್ರತಿಯಲ್ಲಿ ‘ಗೆರೇಫ’ ಎಂದೇ ಹೆಸರಾದ, ಹನ್ನೊಂದನೆಯ ಶತಮಾನದ ಒಂದು ಚಿಕ್ಕ ಗದ್ಯಪ್ರಬಂಧವಿದೆ. ಜಾಣ ರೀವನು ಯಾವ ಋತುವಿನಲ್ಲಿ ಯಾವ ಕೆಲಸ ಮಾಡಿಸಬೇಕು, ಕಣಜದಲ್ಲಿ, ಅಡಿಗೆಮನೆಯಲ್ಲಿ, ನೇಯ್ಗೆಯ ಮನೆಯಲ್ಲಿ ಏನೇನು ಸಲಕರಣೆ ಇರಬೇಕು ಎಂಬುದರ ಉದ್ದವಾದ ಪಟ್ಟಿ ಅದರಲ್ಲಿದೆ. ಇಲಿಬೋನೂ ಇರಬೇಕು, ಅದಕ್ಕಿಂತ ಅಲ್ಪವಾದ ಅಗಳಿಯ ಗೂಟವೂ ಇರಬೇಕು, ಯಾವುದನ್ನೂ ಅಲಕ್ಷಿಸಬಾರದು ಎಂದು ಅದರ ಕರ್ತೃ ಎಚ್ಚರಿಸುತ್ತಾನೆ. ಒಡೆಯನ ಹಕ್ಕನ್ನೂ ಒಕ್ಕಲಿನ ಹಕ್ಕನ್ನೂ ರೀವನು ಒಟ್ಟಿಗೆ ಅರಿತಿರಬೇಕೆಂಬುದು ಅವನ ಉಪದೇಶದ ತಿರುಳು. ಉಪದೇಶವು ಸುಲಭ, ಅದನ್ನು ಪಾಲಿಸಬೇಕಾದವನ ಪಾಡು ಸುಲಭವಾಗಿರಲಿಲ್ಲ.

ಹದಿಮೂರು, ಹದಿನಾಲ್ಕನೆಯ ಶತಮಾನಗಳಲ್ಲಿ ಮ್ಯಾನರ್ ಎಂಬ ಜಹಗೀರಿನ ಒಡೆಯನು ತನ್ನ ಸ್ವಂತ ಸಾಗುವಳಿಯ ಭೂಮಿಯನ್ನು ರೀವನ ಮೂಲಕ ನಡೆಸುತ್ತಿದ್ದನು. ಈ ರೀವನು ಸಂಬಳದ ನೌಕರನಲ್ಲ. ‘ವಿಲ್ಲೆನ್’ ಎಂದು ಕರೆಯಲ್ಪಡುತ್ತಿದ್ದ, ಭೂಮಿಗೆ ಕಟ್ಟುಬಿದ್ದ ಒಕ್ಕಲುಗಳಲ್ಲಿ ಒಬ್ಬನು. ಬಹಳ ಕಡೆ ಒಕ್ಕಲುಗಳೇ ತಮ್ಮೊಳಗಿನವನೊಬ್ಬನನ್ನು ವರ್ಷವರ್ಷವೂ ಆರಿಸಿ ಒಡೆಯನಿಗೆ ಒಪ್ಪಿಸುತ್ತಿದ್ದರು. ಅವನಿಗೆ ಗೇಣಿಯಲ್ಲಿಯೋ ಬಿಟ್ಟಿಯಲ್ಲಿಯೋ ವಿನಾಯಿತಿ ದೊರೆಯುತ್ತಿದ್ದಿತು. ಅದಕ್ಕೆ ಪ್ರತಿಯಾಗಿ ನೆರೆಯವರಿಂದ ಬಿಟ್ಟಿ ದುಡಿಸುವುದು, ಬಿತ್ತನೆ, ಕುಯ್ಲು, ಕುರಿ, ಹಾಲು, ಉಣ್ಣೆ ಎಲ್ಲವನ್ನೂ ನೋಡಿಕೊಳ್ಳುವುದು ಅವನ ಹೊಣೆ. ಸೆಪ್ಟೆಂಬರ್ 29ರ ಮೈಕೆಲ್ಮಸ್ ಹಬ್ಬಕ್ಕೆ ವರ್ಷದ ಲೆಕ್ಕ ಮುಗಿಯುತ್ತಿದ್ದಿತು. ರೀವನಿಗೆ ಸಾಮಾನ್ಯವಾಗಿ ಓದುಬರಹ ಬಾರದು. ಕೋಲಿನ ಮೇಲೆ ಕೊರೆದ ಗೀರುಗಳನ್ನೂ ತನ್ನ ನೆನಪನ್ನೂ ಹಿಡಿದು ಅವನು ಒಪ್ಪಿಸಿದ ಲೆಕ್ಕವನ್ನು ಕರಣಿಕನು ಚರ್ಮದ ಸುರುಳಿಯಲ್ಲಿ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದನು. ಆಮೇಲೆ ಲೆಕ್ಕಪರೀಕ್ಷಕರು ಬಂದು ಅಂಕೆಗಳನ್ನು ಹೊಡೆದುಹಾಕಿ ಹೆಚ್ಚಿಸುತ್ತಿದ್ದರು. ಹಸು ಸತ್ತರೆ ಏಕೆ ಸತ್ತಿತು, ಕಾಳು ಕಡಮೆಯಾದರೆ ಎಲ್ಲಿ ಹೋಯಿತು ಎಂಬುದಕ್ಕೆ ರೀವನೇ ಉತ್ತರ ಹೇಳಬೇಕು; ಕೊರತೆಯನ್ನು ಕೈಯಿಂದ ತುಂಬಿಕೊಡಬೇಕು. 1208-09ನೆಯ ವರ್ಷದಿಂದ ಮೊದಲಾಗುವ ವಿಂಚೆಸ್ಟರ್ ಬಿಷಪ್ಪನ ಲೆಕ್ಕದ ಸುರುಳಿಗಳಲ್ಲಿ ಇಂಥ ಸಾವಿರಾರು ಉತ್ತರಗಳು ಉಳಿದುಬಂದಿವೆ.

ಈ ಕೆಲಸವು ಗೌರವವೋ ಹೊರೆಯೋ? ಆ ಕಾಲದವರ ನಡತೆಯೇ ಇದಕ್ಕೆ ಉತ್ತರ ಹೇಳುತ್ತದೆ. ರೀವನಾಗುವುದನ್ನು ತಪ್ಪಿಸಿಕೊಳ್ಳಲು ಒಡೆಯನಿಗೆ ಹಣ ತೆತ್ತವರ ಹೆಸರುಗಳು ಮ್ಯಾನರ್ ನ್ಯಾಯಸ್ಥಾನದ ದಾಖಲೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅದಕ್ಕಿಂತ ಕಠಿನವಾದುದು ಇನ್ನೊಂದು. ಒಬ್ಬ ರೈತನು ತಾನು ಸ್ವತಂತ್ರನೆಂದು ನ್ಯಾಯಾಲಯದಲ್ಲಿ ವಾದಿಸಿದಾಗ, ‘ಇವನು ಅಥವಾ ಇವನ ತಂದೆ ರೀವನಾಗಿದ್ದನು’ ಎಂಬುದನ್ನು ಒಡೆಯನು ಅವನ ಜೀತಕ್ಕೆ ಪುರಾವೆಯಾಗಿ ಮುಂದಿಡಬಹುದಾಗಿದ್ದಿತು. ಹಳ್ಳಿಯಲ್ಲಿ ಎಲ್ಲರ ಮೇಲೆ ಅಧಿಕಾರ ನಡೆಸಿದವನೆಂಬ ಕೀರ್ತಿಯೇ ಅವನು ಸ್ವತಂತ್ರನಲ್ಲ ಎಂಬುದಕ್ಕೆ ಮುದ್ರೆ. ಚರಿತ್ರೆಯಲ್ಲಿ ಇಂಥ ವಿಪರ್ಯಾಸ ಅಪರೂಪ. ನಮ್ಮ ಗಾವುಂಡನು ವೀರಗಲ್ಲುಗಳಲ್ಲಿ, ದಾನಶಾಸನಗಳಲ್ಲಿ ಹೆಮ್ಮೆಯಿಂದ ನಿಲ್ಲುತ್ತಾನೆ. ಅವನೊಡನೆ ರೀವನನ್ನು ಸಮೀಕರಿಸುವವರು ಈ ಅಂತರವನ್ನು ಮರೆಯಬಾರದು.

ಆದರೂ ಜಾಣನಾದವನಿಗೆ ಲಾಭದ ದಾರಿಗಳಿದ್ದವು. ಚಾಸರ್ ಕವಿಯು ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಿತ್ರಿಸಿದ ಆಸ್ವಲ್ಡ್ ಎಂಬ ರೀವನು ನಾರ್ಫೋಕ್ ಪ್ರಾಂತದ ಬಾಡ್ಸ್‌ವೆಲ್ ಹಳ್ಳಿಯ ಕಡೆಯವನು. ಮೂಲತಃ ಬಡಗಿ, ಕೃಶಕಾಯ, ಮುಂಗೋಪಿ. ಒಡೆಯನಿಗೆ ಇಪ್ಪತ್ತು ವರ್ಷವಾದಂದಿನಿಂದ ಲೆಕ್ಕವೆಲ್ಲ ಅವನ ಕೈಯಲ್ಲಿ. ಯಾವ ಪರೀಕ್ಷಕನೂ ಅವನಲ್ಲಿ ಬಾಕಿ ತೋರಿಸಲಾರ. ಆಳುಕಾಳುಗಳು ಅವನನ್ನು ಮಾರಿಯಂತೆ ಕಂಡು ಅಂಜುತ್ತಾರೆ. ಒಡೆಯನ ಸೊತ್ತನ್ನೇ ಒಡೆಯನಿಗೆ ಸಾಲವಾಗಿ ಕೊಟ್ಟು, ಅದಕ್ಕಾಗಿ ಕೃತಜ್ಞತೆಯನ್ನೂ ಉಡುಗೊರೆಯನ್ನೂ ಪಡೆಯುವಷ್ಟು ಚತುರ. ಯಾತ್ರಿಕರ ಸಾಲಿನಲ್ಲಿ ಅವನು ಎಲ್ಲರಿಗಿಂತ ಹಿಂದೆ ಸವಾರಿ ಮಾಡುತ್ತಾನೆ. ಎಲ್ಲರನ್ನೂ ಕಣ್ಣಿಟ್ಟು ನೋಡುವ ಚಾಳಿ ಯಾತ್ರೆಯಲ್ಲಿಯೂ ಬಿಡಲಿಲ್ಲವೆಂದು ನಾವು ಅರ್ಥಮಾಡುತ್ತೇವೆ. ಇದು ವಿಡಂಬನೆ, ನಿಜ. ಆದರೆ ಲೆಕ್ಕದ ಸುರುಳಿಗಳನ್ನು ಓದಿದವರಿಗೆ ಅತಿಶಯೋಕ್ತಿಯೆಂದು ತೋರುವುದಿಲ್ಲ.

ಈಗ ಕುಲನಾಮದ ಪ್ರಶ್ನೆ. ಇಂಗ್ಲೆಂಡಿನ ಸಾಮಾನ್ಯರಲ್ಲಿ ವಂಶಪರಂಪರೆಯ ಹೆಸರುಗಳು ನೆಲೆಗೊಂಡದ್ದು ಮುಖ್ಯವಾಗಿ ಹದಿಮೂರು, ಹದಿನಾಲ್ಕನೆಯ ಶತಮಾನಗಳಲ್ಲಿ. ಹಳ್ಳಿಯ ರೀವನು ಎಲ್ಲೆಲ್ಲಿಯೂ ಇದ್ದ ಕಾಲವೂ ಅದೇ. ಷೆರಿಫರು ನಾಡಿಗೊಬ್ಬರು, ಅವರಲ್ಲಿ ಬಹುಮಂದಿ ಸ್ವಂತ ಊರಿನ ಹೆಸರುಳ್ಳ ಕುಲೀನರು. ಷೆರಿಫ್, ಷ್ರೀವ್ ಎಂಬ ಕುಲನಾಮಗಳು ಉಂಟು, ‘ಜರ್ನೀಸ್ ಎಂಡ್’ ನಾಟಕದ ಕರ್ತೃ ಆರ್. ಸಿ. ಷೆರಿಫ್ ಅಂಥ ಹೆಸರಿನವನು. ಆದರೆ ಅವು ರೀವ್ ಎಂಬುದರಷ್ಟು ಹರಡಿಲ್ಲ. ರೀವ್ ಎಂಬ ರೂಪವು ಪೂರ್ವದ ನಾರ್ಫೋಕ್, ಸಫೋಕ್ ಪ್ರಾಂತಗಳಲ್ಲಿ ವಿಶೇಷವಾಗಿ ಕಾಣುತ್ತದೆ. ‘ಓಲ್ಡ್ ಇಂಗ್ಲಿಷ್ ಬ್ಯಾರನ್’ ಎಂಬ ಕಾದಂಬರಿಯಿಂದ ಹೆಸರಾದ ಕ್ಲಾರ ರೀವ್ (1729-1807) ಸಫೋಕಿನ ಇಪ್ಸ್‌ವಿಚ್ ನಗರದವಳು.

ಆದರೆ ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕಾಗಿದೆ. ಹೆಸರೆಂಬುದು ಒಬ್ಬನನ್ನು ಇತರರಿಂದ ಬೇರ್ಪಡಿಸಬೇಕು. ಒಕ್ಕಲುಗಳೆಲ್ಲ ಸರದಿಯಂತೆ ರೀವರಾಗುತ್ತಿದ್ದರೆ ಆ ಹೆಸರು ಯಾರಿಗೆ ನಿಂತೀತು? ದೀರ್ಘಕಾಲ ಆ ಕೆಲಸ ಮಾಡಿದವನಿಗೆ ನಿಂತಿತು ಎಂಬುದು ಸಾಮಾನ್ಯವಾದ ಉತ್ತರ. ಇದು ಪೂರ್ಣ ಸಮಾಧಾನವಲ್ಲ. ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿಗೆ ಸೇರಿದ್ದ ಕಕ್ಸಮ್ ಎಂಬ ಹಳ್ಳಿಯಲ್ಲಿ ರಾಬರ್ಟ್ ಓಲ್ಡ್‌ಮನ್ ಎಂಬವನು 1311ರಿಂದ 1349ರಲ್ಲಿ ಮಹಾಮಾರಿಯ ಕಾಲದಲ್ಲಿ ತಾನು ಸಾಯುವವರೆಗೂ ರೀವನಾಗಿದ್ದನು. ಮೂವತ್ತೆಂಟು ವರ್ಷ! ಆದರೂ ಅವನು ಓಲ್ಡ್‌ಮನ್ನನಾಗಿಯೇ ಉಳಿದನು. ಅವನ ವೇಳೆಗೆ ಮನೆತನದ ಹೆಸರು ಗಟ್ಟಿಯಾಗಿದ್ದಿತು. ಹುದ್ದೆಯು ಅದನ್ನು ಅಲುಗಿಸಲಾರದೆ ಹೋಯಿತು. ಆದುದರಿಂದ ಸೇವೆಯ ಅವಧಿಗಿಂತ, ಹೆಸರುಗಳು ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಯಾರು ಆ ಕೆಲಸದಲ್ಲಿದ್ದರು ಎಂಬುದೇ ಮುಖ್ಯವೆಂದು ನಾವು ಭಾವಿಸುತ್ತೇವೆ. ಹದಿಮೂರನೆಯ ಶತಮಾನದಲ್ಲಿ ಎರಡು ಮೂರು ವರ್ಷ ರೀವನಾಗಿದ್ದವನ ಮಕ್ಕಳಿಗೆ ಆ ಹೆಸರು ಅಂಟಿದ್ದಿರಬಹುದು; ನೂರು ವರ್ಷದ ತರುವಾಯ ಅರ್ಧ ಆಯುಷ್ಯ ಸವೆಸಿದವನಿಗೆ ಅಂಟದೆ ಹೋಗಿರಬಹುದು.

‘ರೀವ್ಸ್’ ಎಂಬ ಸಕಾರಾಂತ ರೂಪಕ್ಕೆ ಬೇರೆ ವಿವರಣೆಗಳಿವೆ. ಅದು ಷಷ್ಠೀವಿಭಕ್ತಿಯಾಗಿದ್ದರೆ ರೀವನ ಮಗ, ರೀವನ ಆಳು, ರೀವನ ಮನೆಯವ ಎಂಬ ಯಾವ ಅರ್ಥವಾದರೂ ಸಲ್ಲುತ್ತದೆ. ಮತ್ತೆ ಕೆಲವೆಡೆ ಅದು ರೀವನಿಗೆ ಸಂಬಂಧಪಟ್ಟುದೇ ಅಲ್ಲ: ಕಾಡಿನ ಅಂಚಿನಲ್ಲಿ ವಾಸಿಸುವವನು ಎಂಬರ್ಥದ ‘ಅಟ್ಟರ್ ಈವ್ಸ್’ ಎಂಬ ಪದಪುಂಜವನ್ನು ತಪ್ಪಾಗಿ ಬಿಡಿಸಿದುದರಿಂದ, ಹಿಂದಿನ ಪದದ ರಕಾರವು ಮುಂದಿನ ಪದಕ್ಕೆ ಹತ್ತಿ ಹುಟ್ಟಿದ ರೂಪ. ಹೀಗೆ ಒಂದೇ ಬೀದಿಯ ಇಬ್ಬರು ರೀವ್ಸರಲ್ಲಿ ಒಬ್ಬನ ಪೂರ್ವಿಕ ಅಧಿಕಾರಿಯ ಆಳೂ, ಇನ್ನೊಬ್ಬನ ಪೂರ್ವಿಕ ಕಾಡಂಚಿನ ಗುಡಿಸಲಿನವನೂ ಆಗಿದ್ದಿರಬಹುದು. ಗ್ರೇವ್ಸ್, ಗ್ರೇಸನ್ ಎಂಬ ಉತ್ತರದ ಹೆಸರುಗಳಲ್ಲಿ ಕೆಲವು ನಾರ್ಸ್ ಭಾಷೆಯ ‘ಗ್ರೈಫಿ’ ಎಂಬ ಅಧಿಕಾರನಾಮದಿಂದ ಬಂದವು; ಇವುಗಳನ್ನು ಗ್ರೀವ್ ಎಂಬುದರೊಡನೆ ಬೆರೆಸಬಾರದು.

1348-49ರ ಮಹಾಮಾರಿಯು ಈ ವ್ಯವಸ್ಥೆಯ ಬುಡವನ್ನು ಅಲ್ಲಾಡಿಸಿತು. ದುಡಿಯುವವರು ವಿರಳರಾದರು, ಕೂಲಿ ಏರಿತು. ಒಡೆಯರು ಸ್ವಂತ ಸಾಗುವಳಿಯನ್ನು ಬಿಟ್ಟು ಭೂಮಿಯನ್ನು ಗುತ್ತಿಗೆಗೆ ಕೊಡತೊಡಗಿದರು. ಎಣಿಸಲು ಒಡೆಯನ ಕಣಜವೇ ಇಲ್ಲವಾದ ಮೇಲೆ ಎಣಿಸುವವನಿಗೆ ಕೆಲಸವೇನು? 1381ರ ರೈತರ ದಂಗೆಯಲ್ಲಿ ಮ್ಯಾನರಿನ ದಾಖಲೆಗಳನ್ನು ಸುಟ್ಟವರ ಪೈಕಿ ಹಿಂದೆ ರೀವರೂ ಪಂಚರೂ ಆಗಿದ್ದವರು ಗಣನೀಯ ಸಂಖ್ಯೆಯಲ್ಲಿದ್ದರೆಂದು ಕ್ರಿಸ್ಟೋಫರ್ ಡಯರ್ ಅವರ ಸಂಶೋಧನೆಯಿಂದ ತಿಳಿದುಬರುತ್ತದೆ. ತಾವೇ ಹೇಳಿ ಬರೆಯಿಸಿದ ಸುರುಳಿಗಳಲ್ಲಿ ಏನಿದೆಯೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿದ್ದೀತು? ಹದಿನೈದನೆಯ ಶತಮಾನದಲ್ಲಿ ಹಳ್ಳಿಯ ರೀವನು ಬಹುಮಟ್ಟಿಗೆ ಮರೆಯಾದನು. ‘ವಿಲ್ಲೆನ್’ ಎಂಬ ಅವನ ವರ್ಗದ ಹೆಸರು ನೀಚ, ದುಷ್ಟ ಎಂಬರ್ಥಕ್ಕೆ ಇಳಿದು, ಇಂದು ನಮ್ಮ ಚಲನಚಿತ್ರಗಳ ಖಳನಿಗೆ ಸಲ್ಲುತ್ತಿದೆ. ರೀವ್ ಎಂಬುದಕ್ಕೆ ಆ ಗತಿ ಬರಲಿಲ್ಲ. ಕುಲನಾಮವಾಗಿ ಅದು ಅರ್ಥವನ್ನೇ ಕಳೆದುಕೊಂಡುದರಿಂದ ಅಪಾರ್ಥದಿಂದಲೂ ಪಾರಾಯಿತು.

ಹುದ್ದೆಯಾಗಿ ಅದು ಉಳಿದಿರುವುದು ಮೂಲೆಮೂಲೆಗಳಲ್ಲಿ. ಡೆವನ್ ಪ್ರಾಂತದ ಆಷ್‌ಬರ್ಟನ್, ವೇಲ್ಸಿನ ಲಾರ್ನ್ ಎಂಬ ಚಿಕ್ಕ ಪಟ್ಟಣಗಳಲ್ಲಿ ಪೋರ್ಟ್‌ರೀವನನ್ನು ಈಗಲೂ ಆರಿಸುತ್ತಾರೆ. ಲಾರ್ನಿನವನು ಬಂಗಾರದ ಕಪ್ಪೆಚಿಪ್ಪುಗಳ ಸರವನ್ನು ಧರಿಸುತ್ತಾನೆ. ಅಮೆರಿಕದ ನ್ಯೂ ಇಂಗ್ಲೆಂಡಿಗೆ ವಲಸೆ ಹೋದವರು ‘ಹಾಗ್-ರೀವ್’ ಎಂಬ ಹೊಸ ಹುದ್ದೆಯನ್ನು ಸೃಷ್ಟಿಸಿದರು. ಬೇಲಿ ಮುರಿದು ಹೊಲಕ್ಕೆ ನುಗ್ಗುವ ಹಂದಿಗಳನ್ನು ಹಿಡಿದು ದೊಡ್ಡಿಗೆ ಹಾಕುವುದು ಅವನ ಕರ್ತವ್ಯ. ಹೊಸದಾಗಿ ಮದುವೆಯಾದವನನ್ನು ಊರವರು ವಿನೋದಕ್ಕಾಗಿ ಈ ಹುದ್ದೆಗೆ ಆರಿಸುತ್ತಿದ್ದುದುಂಟು. ಕೆನಡದಲ್ಲಿ ಮಾತ್ರ ಶಬ್ದಕ್ಕೆ ಗಂಭೀರವಾದ ಪುನರ್ಜನ್ಮ ದೊರೆಯಿತು. 1849ರ ಬಾಲ್ಡ್‌ವಿನ್ ಕಾಯಿದೆಯು ಇಂದಿನ ಆಂಟೇರಿಯೊ ಪ್ರಾಂತದ ಗ್ರಾಮಸಭೆಗಳ ಮುಖ್ಯಸ್ಥನಿಗೆ ರೀವ್ ಎಂಬ ಹೆಸರನ್ನಿತ್ತಿತು. ಆಂಟೇರಿಯೊದಲ್ಲಿ ಅದು ಈಗ ಬಹುಮಟ್ಟಿಗೆ ಮೇಯರ್ ಎಂಬುದಕ್ಕೆ ಎಡೆಗೊಟ್ಟಿದೆ. ಪಶ್ಚಿಮದ ಸಸ್ಕಾಚೆವಾನ್, ಆಲ್ಬರ್ಟ ಪ್ರಾಂತಗಳ ಗ್ರಾಮಾಂತರ ಪೌರಸಭೆಗಳಲ್ಲಿ ಇಂದಿಗೂ ರೀವರಿದ್ದಾರೆ. ಅವರು ಒಡೆಯನಿಲ್ಲದ ರೀವರು. ಲೆಕ್ಕ ಒಪ್ಪಿಸುವುದು ತಮ್ಮನ್ನು ಆರಿಸಿದ ರೈತರಿಗೆ.